ಗಯೆಯೂ ಬೋಧಗಯೆಯೂ ಒಂದೇ ಅಲ್ಲ

ಕಾಶೀಯಾತ್ರೆ ಮುಗಿಸಿ ಬರುವ ನಮ್ಮವರಲ್ಲಿ ಬಹುಮಂದಿ ಗಯೆಯಲ್ಲಿ ಪಿಂಡಪ್ರದಾನ ಮಾಡಿ, ಹಾಗೆಯೇ ಬೋಧಗಯೆಯನ್ನೂ 'ನೋಡಿಕೊಂಡು' ಬಂದಿರುತ್ತಾರೆ. ಅಲ್ಲೇನು ಕಂಡಿರಿ ಎಂದು ಕೇಳಿದರೆ ಸಿದ್ಧವಾದ ಉತ್ತರವೊಂದಿದೆ: "ಬುದ್ಧನೂ ವಿಷ್ಣುವಿನ ಅವತಾರವೇ ಅಲ್ಲವೇ ಮೇಷ್ಟ್ರೇ, ಎಲ್ಲವೂ ಒಂದೇ." ಕೇಳಲು ಹಿತವಾದ ಮಾತು. ಆದರೆ ಅದರಲ್ಲಿ ಔದಾರ್ಯಕ್ಕಿಂತ ಸೋಮಾರಿತನವೇ ಹೆಚ್ಚೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ಕ್ಷೇತ್ರಗಳ ನಡುವೆ ಇರುವುದು ಹತ್ತು-ಹನ್ನೆರಡು ಕಿಲೋಮೀಟರು. ಬೋಧಗಯೆಯ ಬದಿಯಲ್ಲಿ ಹರಿಯುವ ನಿರಂಜನಾ ನದಿಯೇ ಮುಂದೆ ಮೋಹನಾ ನದಿಯನ್ನು ಕೂಡಿಕೊಂಡು ಗಯೆಯಲ್ಲಿ ಫಲ್ಗು ಎನಿಸಿಕೊಳ್ಳುತ್ತದೆ. ನದಿ ಒಂದೇ, ನಿಜ. ಆದರೆ ಅದರ ದಡದಲ್ಲಿ ಹುಟ್ಟಿದ ವಿಚಾರಗಳು ಒಂದೇ ಅಲ್ಲ. ಅಹಲ್ಯಾಬಾಯಿ ಹೋಳ್ಕರರು 18ನೆಯ ಶತಮಾನದಲ್ಲಿ ಕಟ್ಟಿಸಿದ ವಿಷ್ಣುಪಾದ ದೇವಾಲಯದಲ್ಲಿ ತಂದೆತಾಯಿಗಳ ನಾಮಗೋತ್ರಗಳನ್ನು ಉಚ್ಚರಿಸಿ ಪಿಂಡವಿಟ್ಟಾಗ ನನ್ನ ಕಣ್ಣು ತುಂಬಿ ಬಂದಿತ್ತು, ಅದನ್ನು ಮರೆಮಾಚುವುದಿಲ್ಲ. ದೇಹ ಅಳಿದರೂ ಉಳಿಯುವುದೊಂದಿದೆ ಎಂಬ ನಂಬಿಕೆಯ ಮೇಲೆ ಆ ಕರ್ಮವೆಲ್ಲ ನಿಂತಿದೆ. ಬೋಧಿವೃಕ್ಷದ ಕೆಳಗೆ ಕುಳಿತಾತನು ಬೋಧಿಸಿದ್ದು ಅನಾತ್ಮವನ್ನು. ಹಾಗೆ ಉಳಿಯುವ ನಿತ್ಯವಾದ ಆತ್ಮವೆಂಬುದಿಲ್ಲ, ಹುಡುಕಬೇಡಿ ಎಂದನು. ಬೌದ್ಧರೂ ಮೃತರಿಗೆ ಪುಣ್ಯವನ್ನು ಧಾರೆಯೆರೆಯುತ್ತಾರೆಂಬುದು ಸರಿ. ಆದರೆ ಆಚಾರದ ಹೋಲಿಕೆಯಿಂದ ತತ್ತ್ವದ ಭೇದ ಅಳಿಸಿಹೋಗುವುದಿಲ್ಲ.

ಇನ್ನು ಅವತಾರದ ವಿಷಯ. ಆ ಕಥೆಯನ್ನು ಮೂಲದಲ್ಲಿ ಓದಿದವರು ಎಷ್ಟು ಮಂದಿ? ಭಾಗವತದ ಪ್ರಕಾರ ಬುದ್ಧಾವತಾರವಾದದ್ದು ದೇವತೆಗಳ ದ್ವೇಷಿಗಳನ್ನು ಮೋಹಗೊಳಿಸುವುದಕ್ಕೆ. ವಿಷ್ಣುಪುರಾಣದ ಮಾಯಾಮೋಹನದೂ ಅದೇ ಕೆಲಸ: ದೈತ್ಯರನ್ನು ವೇದಮಾರ್ಗದಿಂದ ಜಾರಿಸುವುದು. ಎಂದರೆ ಆತನ ಉಪದೇಶವೇ ಒಂದು ವಂಚನೆ ಎಂದಂತಾಯಿತು. ಜಯದೇವ ಕವಿಯು ಪ್ರಾಣಿದಯೆಗಾಗಿ ಬುದ್ಧನನ್ನು ಕೊಂಡಾಡಿದ್ದಾನೆ, ಇಲ್ಲವೆನ್ನಲಾರೆ. ಆದರೂ ಒಬ್ಬರ ಗುರುವನ್ನು ನಮ್ಮ ಮನೆಯ ದೇವರಪಟ್ಟಿಯಲ್ಲಿ ಒಂಬತ್ತನೆಯವನನ್ನಾಗಿ ಕೂರಿಸಿ, ಇದೋ ಗೌರವಿಸಿದೆವು ಎಂದರೆ ಅವರೇಕೆ ಒಪ್ಪಬೇಕು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದು, ಬುದ್ಧನು ವಿಷ್ಣುವಿನ ಅವತಾರವೆಂಬುದನ್ನು ನೇರವಾಗಿ ನಿರಾಕರಿಸುತ್ತದೆ.

ಇದು ಬರಿಯ ಶಾಸ್ತ್ರಚರ್ಚೆಯೂ ಅಲ್ಲ. ಮಹಾಬೋಧಿ ದೇವಾಲಯವು ಬಹುಕಾಲ ಶೈವ ಮಹಂತರ ವಶದಲ್ಲಿತ್ತು. 1891ರಲ್ಲಿ ಅಲ್ಲಿಗೆ ಬಂದ ಸಿಂಹಳದ ಅನಾಗಾರಿಕ ಧರ್ಮಪಾಲರು ಅದನ್ನು ಬೌದ್ಧರಿಗೆ ಬಿಡಿಸಿಕೊಡುವುದಕ್ಕಾಗಿ ಜೀವಮಾನವಿಡೀ ಹೋರಾಡಿದರು. 1949ರ ಕಾಯಿದೆಯು ಆಡಳಿತ ಸಮಿತಿಯಲ್ಲಿ ನಾಲ್ವರು ಹಿಂದೂಗಳಿಗೂ ನಾಲ್ವರು ಬೌದ್ಧರಿಗೂ ಸ್ಥಾನ ಕೊಟ್ಟು, ಜಿಲ್ಲಾಧಿಕಾರಿಯನ್ನು ಅಧ್ಯಕ್ಷನನ್ನಾಗಿಸಿತು. ಜಿಲ್ಲಾಧಿಕಾರಿ ಹಿಂದೂ ಅಲ್ಲದಿದ್ದರೆ ಬೇರೊಬ್ಬ ಹಿಂದೂವನ್ನು ಅಧ್ಯಕ್ಷನನ್ನಾಗಿ ನೇಮಿಸಬೇಕೆಂಬ ನಿಯಮ 2013ರವರೆಗೂ ಇತ್ತು! 2025ರ ಫೆಬ್ರವರಿಯಲ್ಲಿ ಭಿಕ್ಷುಗಳು ಆ ಕಾಯಿದೆಯ ರದ್ದತಿಗಾಗಿ ಉಪವಾಸ ಕುಳಿತರು. ಎಲ್ಲವೂ ಒಂದೇ ಆಗಿದ್ದರೆ, ವಿಷ್ಣುಪಾದದ ಆಡಳಿತದಲ್ಲಿ ಅರ್ಧ ಪಾಲನ್ನು ಬೌದ್ಧರಿಗೆ ಕೊಡಲು ನಾವು ಸಿದ್ಧರೇ? ಈ ಪ್ರಶ್ನೆ ಕೇಳಿದಾಗ 'ಎಲ್ಲವೂ ಒಂದೇ' ಎನ್ನುವ ನನ್ನ ಮಿತ್ರರು ಮಾತು ಬದಲಿಸುತ್ತಾರೆ.

ಎದುರುವಾದವೂ ಇದೆ. ಗಯಾಶ್ರಾದ್ಧದ ವೇದಿಗಳಲ್ಲಿ ಬೋಧಿವೃಕ್ಷವೂ ಸೇರಿದೆ, ಹಿಂದೂಗಳು ತಲೆತಲಾಂತರದಿಂದ ಅಲ್ಲಿ ಪಿಂಡವಿಡುತ್ತ ಬಂದಿದ್ದಾರೆ ಎನ್ನುತ್ತಾರೆ. ಸತ್ಯವೇ. ಆ ಪದ್ಧತಿಯನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಪೂಜಿಸುವ ಹಕ್ಕು ಬೇರೆ, ಆಳುವ ಹಕ್ಕು ಬೇರೆ.

ನಮ್ಮ ಹಿಂದಿನವರಂತೂ ಇಷ್ಟು ಮೆತ್ತಗಿನ ಮಾತುಗಳನ್ನು ಆಡಿದವರಲ್ಲ. ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಬೌದ್ಧಮತಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಮಿಥಿಲೆಯ ಉದಯನಾಚಾರ್ಯನು ಆತ್ಮವುಂಟೆಂದು ಬೌದ್ಧರ ಎದುರು ಸಾಧಿಸಲು ಒಂದು ಇಡೀ ಗ್ರಂಥವನ್ನೇ ಬರೆದನು. ಖಂಡಿಸುವುದಕ್ಕೆ ಮೊದಲು ಓದಬೇಕಲ್ಲವೇ? ಅವರು ಓದಿದ್ದರು. ಗಯೆಯ ಗಯಾವಾಳ ಪಂಡರು ಪರಂಪರೆಯಿಂದ ಮಾಧ್ವರು ಎಂಬುದು ಕನ್ನಡಿಗರಿಗೆ ಸ್ವಾರಸ್ಯದ ಸಂಗತಿ. ಭೇದವೇ ಸತ್ಯವೆಂದು ಸಾರಿದ ಆಚಾರ್ಯರ ಅನುಯಾಯಿಗಳ ಕೈಯಲ್ಲಿ ಶ್ರಾದ್ಧ ಮಾಡಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಭೇದವೇ ಇಲ್ಲವೆನ್ನುತ್ತೇವೆ!

ನಮ್ಮ ಯಾತ್ರಾ ಬಸ್ಸಿನವರು ಬೋಧಗಯೆಗೆ ಕೊಡುವುದು ಒಂದೂವರೆ ಗಂಟೆ, ಕಾಫಿ ತಿಂಡಿಯೂ ಸೇರಿ. ಅಲ್ಲೊಂದು ರಾತ್ರಿ ತಂಗುವ ಏರ್ಪಾಟು ಮಾಡಲಿ. ಶ್ರೀಲಂಕಾ, ಜಪಾನ್, ಥಾಯ್‌ಲ್ಯಾಂಡ್, ಟಿಬೆಟ್ಟುಗಳ ವಿಹಾರಗಳು ಅಲ್ಲಿವೆ. ಚಳಿಗಾಲದಲ್ಲಿ ಹೋದರೆ ನಮ್ಮ ಬೈಲುಕುಪ್ಪೆಯಿಂದ ಬಂದ ಭಿಕ್ಷುಗಳೂ ಸಿಗಬಹುದು, ಅವರಲ್ಲಿ ಕನ್ನಡ ಬಲ್ಲವರೂ ಇರಬಹುದು. ಆತ್ಮವಿಲ್ಲದೆ ಪುನರ್ಜನ್ಮ ಹೇಗೆ ಸ್ವಾಮಿ ಎಂದು ಅವರನ್ನೇ ಕೇಳಿ, ಉತ್ತರ ಮುಗಿಯುವವರೆಗೆ ಬಸ್ಸನ್ನು ನಿಲ್ಲಿಸಿಕೊಳ್ಳಿ.