ನಾಯಿಯ ಮೂಗಿಗೆ ನಮ್ಮ ಮಾತ್ರೆ ಬೇಡ
ಕ್ಯಾಲಿಫೋರ್ನಿಯದಲ್ಲಿ ಬೇಸಿಗೆ ಬಂತೆಂದರೆ ಕನ್ನಡದ ಮಿತ್ರರು ನನ್ನನ್ನು ಕೇಳುವುದುಂಟು: "ಡಾಕ್ಟರೇ, ನಾಯಿಗೆ ಮೂಗು ಕಟ್ಟಿದೆ, ನಮ್ಮ ನೆಗಡಿ ಮಾತ್ರೆಯನ್ನೇ ಅರ್ಧ ಕೊಡಲೇ?" ಖಂಡಿತ ಬೇಡ. ಅಂಥ ಹಲವು ಮಾತ್ರೆಗಳಲ್ಲಿರುವ ಸೂಡೊಎಫೆಡ್ರಿನ್ ನಾಯಿಯ ಪ್ರಾಣಕ್ಕೇ ಎರವಾಗಬಲ್ಲದು.

ಮೂಗು ಕಟ್ಟಲು ನೆಗಡಿಯೊಂದೇ ಕಾರಣವಲ್ಲ. ಇಲ್ಲಿಯ ಒಣಹುಲ್ಲಿನ ಫಾಕ್ಸ್‌ಟೇಲ್ ತೆನೆಯ ಮುಳ್ಳು ಮೂಗನ್ನು ಹೊಕ್ಕರೆ ಒಳಮುಖವಾಗಿಯೇ ಸರಿಯುತ್ತದೆ. ಎಷ್ಟು ಸೀನಿದರೂ ಹೊರಬರುವುದು ಕಷ್ಟ. ಮೇಲ್ದವಡೆಯ ಹಲ್ಲಿನ ಬೇರಿನಲ್ಲಿ ಕೀವು, ಶಿಲೀಂಧ್ರದ ಸೋಂಕು, ವಯಸ್ಸಾದ ನಾಯಿಗಳಲ್ಲಿ ಗೆಡ್ಡೆ ಇವೂ ಕಾರಣವಾಗಬಹುದು. ಒಂದೇ ಹೊಳ್ಳೆಯಿಂದ ಸ್ರಾವ ಅಥವಾ ರಕ್ತ ಕಂಡರೆ ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಇಲ್ಲಿ ಆ ಚಿಕಿತ್ಸೆ ದುಬಾರಿ, ನಿಜ. ಆದರೆ ನೋವನ್ನು ಹೇಳಿಕೊಳ್ಳಲಾರದ ಜೀವವನ್ನು ಮನೆಗೆ ತಂದ ಮೇಲೆ ಆ ವೆಚ್ಚವೂ ನಮ್ಮ ಹೊಣೆಯೇ. ಪರಿಚಯದ ವೈದ್ಯನ ಪುಕ್ಕಟೆ ಸಲಹೆ ಅದಕ್ಕೆ ಬದಲಾಗದು, ನಾನು ಎಂ.ಡಿ. ಓದಿದ್ದು ಮನುಷ್ಯರಿಗಾಗಿ.