ಹಮಾಲರ ನಡುವಿಗೆ ಪಟ್ಟಿಯೊಂದೇ ಸಾಕೇ?

ಹುಬ್ಬಳ್ಳಿಯ ಅಮರಗೋಳದಲ್ಲಿರುವ ಕೃಷಿ ಉತ್ಪನ್ನ ಮಾರುಕಟ್ಟೆಗೆ ಹೋದವರು ಹಮಾಲ ಬಂಧುಗಳ ದುಡಿಮೆಯನ್ನು ಕಂಡೇ ಇರುತ್ತಾರೆ. ಲಾರಿಯ ಮೇಲಿನವನು ಚೀಲವನ್ನು ವಾಲಿಸುತ್ತಾನೆ. ಕೆಳಗಿನವನು ಬೆನ್ನೊಡ್ಡಿ ಹೊತ್ತು, ಗೋದಾಮಿನೊಳಗೆ ಒಯ್ದು ಥಪ್ಪಿ ಹಚ್ಚುತ್ತಾನೆ. ಅವನ ನಡುವಿಗೆ ಬಹಳವೆಂದರೆ ಒಂದು ಬಿಗಿದ ಟವೆಲ್ಲು. ಔಷಧದ ಅಂಗಡಿಗಳಲ್ಲಿ ದೊರೆಯುವ ನಡುಪಟ್ಟಿಯನ್ನು ಇವರಿಗೆ ಕೊಡಿಸಿದರೆ ಹೇಗೆಂಬ ಸದ್ಭಾವನೆ ಯಾರಿಗಾದರೂ ಮೂಡುವುದು ಸಹಜವೇ. ಅಡತಿ ಅಂಗಡಿಗಳನ್ನು ನಡೆಸುವ ಮನೆತನಗಳು ನಮ್ಮ ಓದುಗರಲ್ಲಿ ಅನೇಕವಿರುವುದರಿಂದ ಈ ಸಂಗತಿಯನ್ನು ತುಸು ವಿಚಾರಿಸಬೇಕೆನಿಸಿತು.

ಪಟ್ಟಿಯು ಹೊಟ್ಟೆಯನ್ನು ಸುತ್ತಲೂ ಬಿಗಿಹಿಡಿದು ಬೆನ್ನುಹುರಿಗೆ ಆಸರೆಯಾಗುತ್ತದೆ, ಬಾಗುವುದನ್ನು ತಡೆಯುತ್ತದೆ ಎಂಬುದು ಅದರ ಪರವಾದ ವಾದ. ಅಮೆರಿಕೆಯ ಸರಕಾರದ ವೃತ್ತಿ ಸುರಕ್ಷತಾ ಮತ್ತು ಆರೋಗ್ಯ ಸಂಸ್ಥೆಯು 1994ರಲ್ಲಿ ಇದನ್ನು ಪರಿಶೀಲಿಸಿ, ಆರೋಗ್ಯವಂತ ಕೆಲಸಗಾರರಿಗೆ ಪಟ್ಟಿಯು ಪೆಟ್ಟನ್ನು ತಪ್ಪಿಸುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು. ಮುಂದೆ 160 ಮಳಿಗೆಗಳ 9 ಸಾವಿರಕ್ಕೂ ಮಿಕ್ಕಿದ ನೌಕರರನ್ನು ಕುರಿತು ಅದೇ ಸಂಸ್ಥೆ ನಡೆಸಿದ ಅಧ್ಯಯನವು 2000ದಲ್ಲಿ ಪ್ರಕಟವಾಯಿತು. ದಿನವೂ ಪಟ್ಟಿ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ಗಮನಾರ್ಹ ಅಂತರವೇ ಕಾಣಲಿಲ್ಲ! ಪಟ್ಟಿ ಇದೆಯೆಂಬ ಧೈರ್ಯದಿಂದ ಶಕ್ತಿ ಮೀರಿ ಎತ್ತುವ ಅಪಾಯ ಬೇರೆ. ನಡುವಿಗೆ ಪೆಟ್ಟಾದವರಿಗೆ ವೈದ್ಯರು ಕೆಲಕಾಲ ಪಟ್ಟಿಯನ್ನು ಸೂಚಿಸುವುದುಂಟು. ಅದು ಚಿಕಿತ್ಸೆಯ ಮಾತು. ರಕ್ತದೊತ್ತಡ, ಹೃದಯದ ತೊಂದರೆಗಳುಳ್ಳವರಂತೂ ವೈದ್ಯರನ್ನು ಕೇಳದೆ ಅದನ್ನು ಬಿಗಿದು ಭಾರವೆತ್ತಲಾಗದು.

ಭುಜದಿಂದ ತೊಡೆಯವರೆಗೆ ತೊಡುವ, ಸ್ಪ್ರಿಂಗಿನ ಬಲದಿಂದ ಬೆನ್ನಿನ ಶ್ರಮವನ್ನು ಹಗುರಗೊಳಿಸುವ ಎಕ್ಸೋಸ್ಕೆಲಿಟನ್ ಎಂಬ ಸಾಧನಗಳೂ ವಿದೇಶಗಳ ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಬಾಗಿ ಎತ್ತುವವರಿಗಾಗಿ ರೂಪುಗೊಂಡವು. ನಮ್ಮ ಹಮಾಲನಾದರೋ ಚೀಲವನ್ನು ಬೆನ್ನ ಮೇಲೆಯೇ ಹೊರುವವನು. ಸಾಧನವಿರಬೇಕಾದ ಜಾಗದಲ್ಲಿ ಚೀಲವೇ ಕುಳಿತಿರುತ್ತದೆ!

ಹಾಗಾದರೆ ನೋಡಬೇಕಾದದ್ದು ಚೀಲವನ್ನೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ, ಆರೋಗ್ಯಕ್ಕೆ ಹಾನಿಯಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂಬ ಒಡಂಬಡಿಕೆಯನ್ನು ಅಂಗೀಕರಿಸಿತು; ವಯಸ್ಕ ಪುರುಷನಿಗೆ 55 ಕಿಲೋ ಮೀರಬಾರದೆಂಬುದು ಅದರ ಜೊತೆಗಿನ ಶಿಫಾರಸು. ಈ ಒಡಂಬಡಿಕೆಗೆ ಭಾರತವು ಒಪ್ಪಿಗೆಯಿತ್ತದ್ದು 2010ರಲ್ಲಿ. ಸಿಮೆಂಟು 50 ಕಿಲೋದ ಚೀಲದಲ್ಲಿ ಬರುತ್ತದೆ. ಕಾಳುಕಡಿಗಳನ್ನೂ ಹಾಗೆಯೇ ತುಂಬಿಸಲು ಅಡ್ಡಿಯೇನು? ಕ್ವಿಂಟಲ್ ಚೀಲ ಒಂದೇ ಸಲಕ್ಕೆ ಸಾಗಿದರೆ ವೇಳೆ ಉಳಿಯಿತೆನ್ನುವವರು, ಆ ಉಳಿತಾಯ ಯಾರ ಬೆನ್ನಿನಿಂದ ಬಂತೆಂಬುದನ್ನೂ ಲೆಕ್ಕ ಹಿಡಿಯಬೇಕಷ್ಟೆ. ಚೀಲಕ್ಕಿಷ್ಟೆಂದು ಹಮಾಲಿ ಕೊಡುವಲ್ಲಿ ಭಾರ ಅರ್ಧವಾದಾಗ ದರವನ್ನೂ ಅರ್ಧಕ್ಕಿಳಿಸಿದರೆ ಅವರು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ; ನಡೆಯುವ ಹೆಜ್ಜೆಗಳು ಇಮ್ಮಡಿಯಾಗುತ್ತವಲ್ಲ.

ಪಟ್ಟಿಗಳಿಗೆಂದು ತೆಗೆದಿಟ್ಟ ಹಣವಿದ್ದರೆ ಅದರಿಂದ ಎರಡು ಗಾಲಿಯ ಕೈಗಾಡಿಯೊಂದನ್ನು ಕೊಳ್ಳಬಹುದು. ಲಾರಿಯ ಮಟ್ಟಕ್ಕೆ ಕಟ್ಟೆಯಿರುವಲ್ಲಿ ಚೀಲವು ಬೆನ್ನೇರದೆಯೇ ಗೋದಾಮನ್ನು ಸೇರುತ್ತದೆ. ಕಟ್ಟೆಯಿಲ್ಲದಿದ್ದರೆ ಗಟ್ಟಿಮುಟ್ಟಾದ ಇಳಿಜಾರು ಹಲಗೆ ಬೇಕು. ಥಪ್ಪಿಯನ್ನು ಎದೆಮಟ್ಟಕ್ಕೆ ನಿಲ್ಲಿಸುವುದಾದರೆ ಇನ್ನೂ ಒಳಿತು.