ಸಂಜೆ ಏಳು ಗಂಟೆಯ ಪಾಠ

"ಮೇಡಂ, ಇನ್ನೇನು ಐದಾರು ವರ್ಷ ಸರ್ವೀಸು. ಈ ವಯಸ್ಸಲ್ಲಿ ನಿಮಗ್ಯಾಕೆ ಈ ಉಪದ್ವ್ಯಾಪ?"

2022ರ ಜೂನ್ ತಿಂಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ನನ್ನನ್ನು ಹೀಗೆ ಕೇಳಿದರು. ಮೊಬೈಲ್ ಆ್ಯಪ್ ತಯಾರಿಸುವುದನ್ನು ಕಲಿಯಲು ಅರ್ಜಿ ಹಾಕಿದ್ದೇನೆ ಎಂದು ನಾನು ಬಾಯಿಬಿಟ್ಟು ಹೇಳಿದ್ದೇ ಅಪರಾಧವಾಗಿತ್ತು. "ಡೌನ್‌ಲೋಡ್ ಮಾಡೋದಾ ಮೇಡಂ?" ಎಂದರು ಇನ್ನೊಬ್ಬರು. "ಅಲ್ಲ, ತಯಾರು ಮಾಡೋದು" ಎಂದೆ. ಎಲ್ಲರೂ ನಕ್ಕರು. ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷ ಕದಂಬರು, ಚಾಲುಕ್ಯರು ಎಂದು ಪಾಠ ಹೇಳಿದವಳು, 54ನೆಯ ವಯಸ್ಸಿನಲ್ಲಿ ಹೀಗೆ ಹೇಳಿದರೆ ನಗು ಬರುವುದು ಸಹಜವೇ. ನಾನೂ ನಕ್ಕೆ.

ಆದರೆ ಆ ದಿನ ನಗುತ್ತಿದ್ದ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು. ಹಾಜರಿಗೊಂದು ಆ್ಯಪ್, ಬಿಸಿಯೂಟದ ಲೆಕ್ಕಕ್ಕೊಂದು, ತರಬೇತಿಗೊಂದು, ಸಮೀಕ್ಷೆ ಬಂದರೆ ಅದಕ್ಕೆ ಮತ್ತೊಂದು. ಮಕ್ಕಳ ಮುಖ ನೋಡುವುದಕ್ಕಿಂತ ಅವುಗಳ ಮುಖ ನೋಡುವುದೇ ಹೆಚ್ಚಾಗಿದೆ. ಅವನ್ನು ತಯಾರಿಸಿದವರು ನೆಟ್‌ವರ್ಕ್ ಸಿಗದ ಕೊಠಡಿಯಲ್ಲಿ ನಿಂತು ಎಂದಾದರೂ ಹೆಸರು ಕೂಗಿದ್ದಾರೆಯೆ? ಒಬ್ಬ ಶಿಕ್ಷಕಿಯನ್ನಾದರೂ ಕೇಳಿದ್ದಾರೆಯೆ? ಬಳಸುವವರು ನಾವು, ಮಾಡುವವರು ಇನ್ನಾರೋ. ನನ್ನ ಹಟ ಹುಟ್ಟಿದ್ದು ಇಲ್ಲಿ.

ನನಗೆ ಬೇಕಾಗಿದ್ದುದು ದೊಡ್ಡದೇನಲ್ಲ. ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕ ಯಾವ ಮಗುವಿನ ಬಳಿ ಇದೆ, ಎಂದು ತಂದುಕೊಡಬೇಕು ಎಂದು ಕನ್ನಡದಲ್ಲಿ ಬರೆದಿಡುವ ಒಂದು ಪುಟ್ಟ ಆ್ಯಪ್.

ಇಂಥ ಕಲಿಕೆಗೆ ವಿದ್ಯಾರ್ಥಿವೇತನ ಸಿಗುತ್ತದೆ ಎಂದು ಹೇಳಿದವಳು ಎದುರು ಮನೆಯ ಸೊಸೆ. ಎಂಟನೆಯ ತರಗತಿಯಿಂದ ಹತ್ತರವರೆಗೆ ನನ್ನ ವಿದ್ಯಾರ್ಥಿನಿ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ ವರ್ಷವೇ ಮದುವೆಯಾಯಿತು. ಈಗ ಎರಡು ಮಕ್ಕಳು. "ಮಿಸ್, ಇಬ್ಬರೂ ಹಾಕೋಣ" ಎಂದಳು. ಹಾಕಿದೆವು.

ಇದು ಹೊಸ ಸಂಗತಿಯೇನಲ್ಲ. 2015ರಲ್ಲಿ ಯುಡಾಸಿಟಿ ಎಂಬ ಸಂಸ್ಥೆ ಆಂಡ್ರಾಯ್ಡ್ ಕಲಿಸುವ ಕೋರ್ಸನ್ನು ತಿಂಗಳಿಗೆ 9,800 ರೂಪಾಯಿ ಶುಲ್ಕ ಇಟ್ಟು ಭಾರತಕ್ಕೆ ತಂದಿತು. ಆಗ ಗೂಗಲ್ ಮತ್ತು ಟಾಟಾ ಟ್ರಸ್ಟ್ಸ್ ಸೇರಿ 1,000 ಜನರಿಗೆ ವಿದ್ಯಾರ್ಥಿವೇತನ ಪ್ರಕಟಿಸಿದವು. 2017ರ ಕೊನೆಯಲ್ಲಿ ಗೂಗಲ್, ಯುಡಾಸಿಟಿ ಮತ್ತು ಪ್ಲೂರಲ್‌ಸೈಟ್ ಜತೆಗೂಡಿ ಪ್ರಕಟಿಸಿದ ಸಂಖ್ಯೆ 1 ಲಕ್ಷದ 30 ಸಾವಿರ. ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ನಾವು ಸೇರಿದ್ದು ಇವಲ್ಲ, ಬೇರೊಂದು. ಅದರ ಹೆಸರು ಹೇಳಿ ಜಗಳ ಕಾಯುವ ಉದ್ದೇಶ ನನಗಿಲ್ಲ, ನನ್ನ ತಕರಾರು ಈ ಬಗೆಯ ಎಲ್ಲ ಯೋಜನೆಗಳ ಒಳಗಿರುವ ಒಂದು ಲೆಕ್ಕದ ಬಗ್ಗೆ.

ಮೊದಲು ಕಲಿಕೆಯ ವಿಷಯ ಹೇಳುತ್ತೇನೆ, ಏಕೆಂದರೆ ಹೆದರಿಸುವವರು ಬಹಳ ಮಂದಿ ಇದ್ದಾರೆ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಹೆಚ್ಚಾಗಿ ಬರೆಯುವುದು ಕೋಟ್ಲಿನ್ ಎಂಬ ಭಾಷೆಯಲ್ಲಿ. ಅದರಲ್ಲಿ 'ವೇರಿಯಬಲ್' ಎಂದರೆ ಚೀಟಿ ಅಂಟಿಸಿದ ಡಬ್ಬಿ. ಸಾಸಿವೆ ಎಂದು ಚೀಟಿ ಇದ್ದರೆ ಒಳಗೆ ಸಾಸಿವೆ. 'ವ್ಯಾಲ್' ಎಂದು ಬರೆದರೆ ಒಮ್ಮೆ ತುಂಬಿದ್ದನ್ನು ಬದಲಾಯಿಸುವಂತಿಲ್ಲ, 'ವ್ಯಾರ್' ಎಂದರೆ ಬದಲಾಯಿಸಬಹುದು. "ಹುಟ್ಟಿದ ದಿನ ವ್ಯಾಲ್, ಹೆಣ್ಣುಮಕ್ಕಳ ವಿಳಾಸ ವ್ಯಾರ್, ಅಲ್ವಾ ಮಿಸ್?" ಎಂದಳು ನನ್ನ ಶಿಷ್ಯೆ. ಡಬ್ಬಿ ಖಾಲಿ ಇರಬಹುದು ಎನ್ನುವುದಾದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮೊದಲೇ ತಿಳಿಸಬೇಕು. ಅಡುಗೆಮನೆ ನಡೆಸಿದ ಯಾವ ಹೆಂಗಸಿಗೆ ಇದು ಅರ್ಥವಾಗುವುದಿಲ್ಲ ಹೇಳಿ?

ಕಷ್ಟವಾದದ್ದು ಬೇರೆ. ಮಗನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು 4 ಜಿಬಿ ಮೆಮೊರಿ. ಆಂಡ್ರಾಯ್ಡ್ ಸ್ಟುಡಿಯೋ ಕೇಳುವುದು ಕನಿಷ್ಠ 8. ಹಾಕಿಸಿದೆ, ನನ್ನ ಸಂಬಳವಿತ್ತು. ಶಿಷ್ಯೆಯ ಬಳಿ ಲ್ಯಾಪ್‌ಟಾಪೇ ಇಲ್ಲ. ಅವಳು ಮೊಬೈಲಿನಲ್ಲಿ ಪಾಠ ಕೇಳಿ, ನೋಟ್‌ಬುಕ್ಕಿನಲ್ಲಿ ಕೋಡ್ ಬರೆದುಕೊಂಡು, ಮಧ್ಯಾಹ್ನ ನಮ್ಮ ಮನೆಗೆ ಬಂದು ಟೈಪ್ ಮಾಡುತ್ತಿದ್ದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕೆಳಗೆ ಕನ್ನಡದ ಸಾಲು ಬರುವಂತೆ ಮಾಡಿಕೊಂಡೆವು. ಯಂತ್ರ ಮಾಡಿದ ಅನುವಾದ. ಅಕ್ಷರಗಳ ಸಾಲಿಗೆ ಹೇಳುವ 'ಸ್ಟ್ರಿಂಗ್' ಅಲ್ಲಿ 'ದಾರ'ವಾಗಿತ್ತು, ತಪ್ಪಿಗೆ ಹೇಳುವ 'ಬಗ್' ತಿಗಣೆಯಾಗಿತ್ತು. ದಾರದಲ್ಲಿ ತಿಗಣೆ ಹುಡುಕುತ್ತಾ ಎರಡು ದಿನ ನಕ್ಕಿದ್ದೇ ನಕ್ಕಿದ್ದು.

ಇನ್ನೊಂದು ಕಷ್ಟ ನನಗೆ ಈಗಲೂ ಸಿಟ್ಟು ತರಿಸುತ್ತದೆ. ಆ್ಯಪ್‌ನಲ್ಲಿ 'ಸ್ತ್ರೀ' ಎಂದು ಬರೆದರೆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಪೆಟ್ಟಿಗೆಯಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗವಿಲ್ಲ. ನಮಗೆ ಒಂದೇ ಅಕ್ಷರವಾದ 'ಸ್ತ್ರೀ'ಯನ್ನು ಯಂತ್ರ ಆರು ಎಂದು ಎಣಿಸುತ್ತದೆ: ಸಕಾರ, ಅರ್ಧಕದ ಗುರುತು, ತಕಾರ, ಮತ್ತೆ ಅದೇ ಗುರುತು, ರಕಾರ, ದೀರ್ಘದ ಗುರುತು. ಹೆಸರು ಇಷ್ಟೇ ಅಕ್ಷರವಿರಬೇಕು ಎಂದು ಮಿತಿ ಹಾಕಿದ ಅರ್ಜಿಗಳಲ್ಲಿ ನಮ್ಮ ಮಕ್ಕಳ ಹೆಸರು ಅರ್ಧಕ್ಕೇ ನಿಲ್ಲುವುದು ಏಕೆಂದು ನನಗೆ ಅಂದು ತಿಳಿಯಿತು. ಕನ್ನಡದ ಪದಗಳನ್ನು ಇಡಲು ಆಂಡ್ರಾಯ್ಡ್‌ನಲ್ಲಿ 'ವ್ಯಾಲ್ಯೂಸ್-ಕೆಎನ್' ಎಂಬ ಪ್ರತ್ಯೇಕ ಫೋಲ್ಡರ್ ಮಾಡುವ ಅವಕಾಶ ಮೊದಲಿನಿಂದ ಇದೆ. ಎಷ್ಟು ಜನ ಮಾಡುತ್ತಾರೆ?

ಇಷ್ಟೆಲ್ಲ ದಾಟಿದ ಮೇಲೆ ಬಂದದ್ದು ಸಂಜೆ ಏಳು ಗಂಟೆ.

ಮೊದಲ ಹಂತ ಮೂರು ತಿಂಗಳು. ಅದರಲ್ಲಿ ಮುಂದಿದ್ದವರಿಗೆ ಮಾತ್ರ ಎರಡನೆಯ ಹಂತ. ಪಾಠ ಮುಗಿಸಿದರೆ ಸಾಲದು, ವಾರಕ್ಕೆರಡು ದಿನ ಸಂಜೆ 7ರಿಂದ 8.30ರವರೆಗೆ ನೇರ ತರಗತಿಗೆ ಹಾಜರಿರಬೇಕು, ಸಹಪಾಠಿಗಳ ಪ್ರಶ್ನೆಗೆ ಉತ್ತರ ಬರೆಯಬೇಕು. ಅದಕ್ಕೆಲ್ಲ ಅಂಕ. ಸಂಜೆ ಏಳು ಗಂಟೆಗೆ ಮನೆಯಲ್ಲಿ ಏನೇನಿರುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ದೀಪ ಹಚ್ಚಿ, ಮುದ್ದೆಗೆ ಎಸರಿಡಬೇಕು, ಅತ್ತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಬೇಕು, ದೊಡ್ಡವನಿಗೆ ಮಗ್ಗಿ ಹೇಳಿಸಬೇಕು, ಚಿಕ್ಕದು ಸೆರಗು ಹಿಡಿದು ಅಳುತ್ತಿರುತ್ತದೆ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತು ನಾಲ್ಕು ತರಗತಿ ಕೇಳಿದಳು. ಐದನೆಯ ದಿನ ಮುದ್ದೆ ಗಂಟಾಯಿತು. ಅತ್ತೆ ಬಯ್ಯಲಿಲ್ಲ, ತಟ್ಟೆ ದೂರ ಸರಿಸಿದರು, ಅಷ್ಟೆ.

ಅವಳ ಗಂಡ ಕೆಟ್ಟವನಲ್ಲ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. "ಕಲಿ, ಬೇಡ ಅಂದೋರ್ಯಾರು?" ಎಂದ. ಅವಳು ಕಲಿಯುವ ಹೊತ್ತಿನಲ್ಲಿ ಎಸರಿಡುವವರು ಯಾರು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ತರಗತಿಯನ್ನು ರೆಕಾರ್ಡ್ ಮಾಡಿ ಹಾಕಿ, ರಾತ್ರಿ ಹತ್ತರ ಮೇಲೆ ಕೇಳುತ್ತೇನೆ, ಅದಕ್ಕೂ ಹಾಜರಿ ಕೊಡಿ ಎಂದು ಅವಳು ಬರೆದು ಕೇಳಿದಳು. ಪತ್ರದ ಇಂಗ್ಲಿಷ್ ನಾನು ತಿದ್ದಿದ್ದೆ. ಮೂರು ದಿನ ಬಿಟ್ಟು ಉತ್ತರ ಬಂತು: ನಿಯಮ ಎಲ್ಲರಿಗೂ ಒಂದೇ. ಜತೆಗೆ, ಸಮಯವನ್ನು ಅಚ್ಚುಕಟ್ಟಾಗಿ ಬಳಸಿಕೊಳ್ಳುವುದು ಹೇಗೆ ಎಂಬ ಬಗ್ಗೆ ಓದಲು ನಾಲ್ಕು ಪುಟ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಹೆಂಗಸಿಗೆ ಸಮಯದ ಬಗ್ಗೆ ಪಾಠ!

ನನ್ನ ತಕರಾರು ಇದೇ. ಶುಲ್ಕ ಮಾಫಿ ಮಾಡಿದರೆ ಬಾಗಿಲು ತೆರೆದಂತಾಯಿತು ಎಂದು ಈ ಮಹನೀಯರು ಭಾವಿಸಿದ್ದಾರೆ. ಹೆಂಗಸರ ಬಳಿ ಇಲ್ಲದ್ದು ದುಡ್ಡೊಂದೇ ಅಲ್ಲ, ಹೊತ್ತು. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಒಲೆಯತ್ತ ಸುಳಿಯದವರು ಅದರಲ್ಲಿ ಇಲ್ಲವೇ ಇಲ್ಲ. ವ್ಯತ್ಯಾಸ 201 ನಿಮಿಷ. ಮೂರು ತಿಂಗಳಿಗೆ ಕೂಡಿಸಿ ನೋಡಿ, 300 ಗಂಟೆ ದಾಟುತ್ತದೆ. ಒಂದು ಕೋರ್ಸನ್ನು ಮುಗಿಸಿ ಇನ್ನೊಂದನ್ನು ಶುರು ಮಾಡಬಹುದಾದಷ್ಟು ಹೊತ್ತು. ಆ ಹೊತ್ತು ಉಳ್ಳವನನ್ನೂ ಇಲ್ಲದವಳನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ನಿಯಮ ಒಂದೇ ಎನ್ನುವುದು ಯಾವ ಸೀಮೆಯ ನ್ಯಾಯ?

"ನಿಜವಾದ ಆಸಕ್ತಿ ಇದ್ದವರು ಹೇಗಾದರೂ ಕಲೀತಾರೆ ಮೇಡಂ" ಎಂದು ಅದೇ ಗಣಿತದ ಮೇಷ್ಟ್ರು ಹೇಳಿದರು. ನಾಲ್ಕು ಗಂಟೆಗೆ ಎದ್ದು ಓದಿ ಗೆದ್ದ ಹೆಂಗಸರ ಕಥೆಗಳನ್ನು ನಾವೂ ಪತ್ರಿಕೆಗಳಲ್ಲಿ ಓದಿ ಮೆಚ್ಚಿದ್ದೇವೆ. ಆದರೆ ಒಬ್ಬಳು ಗೋಡೆ ಹಾರಿದಳೆಂದು ಎಲ್ಲರಿಗೂ ಗೋಡೆ ಹಾರುವುದನ್ನು ಪಠ್ಯಕ್ರಮ ಮಾಡುವುದೆ? ಮೇಷ್ಟ್ರು ತಾವು ಎಂ.ಎಸ್ಸಿ. ಓದುವಾಗ ಊಟದ ತಟ್ಟೆಯನ್ನಾದರೂ ತೊಳೆದಿದ್ದರೆ ಕೇಳಿ ನೋಡಬೇಕು. ಕೇಳಲಿಲ್ಲ, ಇನ್ನೂ ಐದು ವರ್ಷ ಒಂದೇ ರೂಮಿನಲ್ಲಿ ಕೂರಬೇಕಲ್ಲ!

ಅವಳು ಎರಡನೆಯ ತಿಂಗಳಲ್ಲಿ ಬಿಟ್ಟಳು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 'ಸಕ್ರಿಯವಾಗಿಲ್ಲ' ಎಂದು ಬಂತು. ನಾನು ಮುಗಿಸಿದೆ, ಪ್ರಮಾಣಪತ್ರ ಬಂತು, ಶಾಲೆಯಲ್ಲಿ ಹಾರ ಹಾಕಿದರು. ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ನನಗಿಂತ ಬುದ್ಧಿವಂತೆ ಅವಳು. ನಾನು ಮೂರು ದಿನ ಒದ್ದಾಡಿದ್ದನ್ನು ಅವಳು ಅರ್ಧ ಗಂಟೆಯಲ್ಲಿ ಬಿಡಿಸುತ್ತಿದ್ದಳು. ನಾನು ಮುಗಿಸಿದ್ದಕ್ಕೆ ಕಾರಣ, ಹಿಂದಿನ ವರ್ಷ ನಿವೃತ್ತರಾದ ನಮ್ಮ ಯಜಮಾನರು ಸಾರು ಮಾಡುವುದನ್ನು ಕಲಿತಿದ್ದರು. ಮಗ ಬೆಂಗಳೂರಿನಲ್ಲಿ, ಅತ್ತೆ ಮಾವ ಈಗಿಲ್ಲ. ನನ್ನ ಏಳು ಗಂಟೆ ನನ್ನದಾಗಲು ಐವತ್ತನಾಲ್ಕು ವರ್ಷ ಬೇಕಾಯಿತು. "ಓದಿದರೆ ಎಲ್ಲ ಸರಿಹೋಗುತ್ತೆ ಕಣೇ" ಎಂದು ಅವಳಿಗೆ ಹತ್ತನೆಯ ತರಗತಿಯಲ್ಲಿ ಹೇಳಿದವಳೂ ನಾನೇ.

ವಿದ್ಯಾರ್ಥಿವೇತನ ಕೊಡುವ ದೊಡ್ಡವರಿಗೆ ನಾನು ಹೇಳುವುದು ಇಷ್ಟೆ. ಮೂರು ತಿಂಗಳಿನದನ್ನು ಆರು ತಿಂಗಳು ಮಾಡಿ. ಹಾಜರಿಯ ಹೊತ್ತನ್ನು ಕಲಿಯುವವಳು ಆರಿಸಲಿ. ಮಧ್ಯಾಹ್ನ 2ರಿಂದ 4ರವರೆಗೆ ಒಂದು ಗುಂಪು ಇರಲಿ. ಕನ್ನಡ ಬಲ್ಲ ಮನುಷ್ಯರೊಬ್ಬರು ಕೂತು ಪಾಠದ ಸಾಲುಗಳನ್ನು ತಿದ್ದಲಿ. ಪ್ರಮಾಣಪತ್ರದ ಬಣ್ಣದ ಕಾಗದಕ್ಕೆ ಹಾಕುವ ದುಡ್ಡನ್ನು ಊರಿನ ಗ್ರಂಥಾಲಯದಲ್ಲಿ ನಾಲ್ಕು ಒಳ್ಳೆಯ ಕಂಪ್ಯೂಟರ್ ಇಡಲು ಹಾಕಿ. ಮನೆಯ ಗಂಡಸರಿಗೆ ಹೇಳಬೇಕಾದದ್ದನ್ನು ನೀವೇ ಹೇಳಿಕೊಳ್ಳಿ, ನಾನು ಹೇಳಿದರೆ ನಿಮ್ಮ ಮನೆಯಲ್ಲಿ ಜಗಳವಾಗುತ್ತದೆ.

ಪುಸ್ತಕದ ಆ್ಯಪ್ ಈಗ ನಮ್ಮ ಶಾಲೆಯಲ್ಲಿ ನಡೆಯುತ್ತಿದೆ. ಪ್ಲೇ ಸ್ಟೋರ್‌ಗೆ ಹಾಕಿಲ್ಲ. ಅದಕ್ಕೆ 25 ಡಾಲರ್ ಶುಲ್ಕ, ಕಾರ್ಡಿನ ಮೂಲಕ ಕಟ್ಟಬೇಕು, ಹೊಸಬರಾದರೆ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಇರಲಿ. ಒತ್ತಕ್ಷರ ಕತ್ತರಿಸಿ ಹೋಗುತ್ತಿದ್ದುದನ್ನು ಸರಿ ಮಾಡಿದವಳು ನನ್ನ ಶಿಷ್ಯೆ. ಚಿಕ್ಕದನ್ನು ನಮ್ಮ ಯಜಮಾನರ ಕೈಗೆ ಕೊಟ್ಟು, ಮಧ್ಯಾಹ್ನ ಎರಡೂವರೆಗೆ ಲ್ಯಾಪ್‌ಟಾಪ್ ಮುಂದೆ ಕೂತು, ಪೆಟ್ಟಿಗೆಯ ಎತ್ತರಕ್ಕೆ ಹಾಕಿದ್ದ ಅಳತೆಯನ್ನು ತೆಗೆದುಹಾಕಿದಳು. "ಅಕ್ಷರ ಎಷ್ಟು ಇಳಿಯುತ್ತೋ ಅಷ್ಟು ಜಾಗ ಅದೇ ತಗೊಳ್ಳಲಿ ಮಿಸ್" ಎಂದಳು. ನಾಲ್ಕು ಗಂಟೆಗೆ ದೊಡ್ಡವನ ಸ್ಕೂಲ್ ವ್ಯಾನ್ ಬಂತು. ಎದ್ದು ಹೋದಳು.